ಗಜನಿ ಬರಡಲ್ಲ, ಬರಡು ಮಾಡಿದ್ದು ನಾವು



ಕಳೆದ ತಿಂಗಳು ತೀರ್ಥರೂಪರ ಶ್ರಾದ್ಧಕ್ಕೆಂದು ಊರಿಗೆ ಹೋಗಿದ್ದೆ. ಊಟ ಮುಗಿಸಿ ಜಗುಲಿಯಲ್ಲಿ ಎಲೆ-ಅಡಿಕೆ ಹಾಕುತ್ತ ಕುಳಿತಿದ್ದಾಗ ತಮ್ಮನ ಮಗ ಒಂದು ಕಾಗದವನ್ನು ನನ್ನ ಮುಂದಿಟ್ಟು, "ದೊಡ್ಡಪ್ಪ, ಇದಕ್ಕೆ ನಿಮ್ಮದೊಂದು ಸಹಿ ಬೇಕು" ಎಂದ. ಅದು ಅಘನಾಶಿನಿಯ ದಂಡೆಯಲ್ಲಿರುವ ನಮ್ಮ ಗಜನಿ ಗದ್ದೆಯನ್ನು ಸೀಗಡಿ ಸಾಕಣೆಗಾಗಿ ಹತ್ತು ವರ್ಷ ಗುತ್ತಿಗೆ ಕೊಡುವ ಕರಾರಿನ ಕರಡು. ಅದರ ಮೊದಲ ಸಾಲಿನಲ್ಲಿಯೇ ನಮ್ಮ ಜಮೀನನ್ನು "ಉಪಯೋಗವಿಲ್ಲದೆ ಬಿದ್ದಿರುವ ಬರಡು ಭೂಮಿ" ಎಂದು ವರ್ಣಿಸಲಾಗಿತ್ತು. ನಾನು ಸಹಿ ಮಾಡಲಿಲ್ಲ. ಹುಡುಗನಿಗೆ ಸಿಟ್ಟು ಬಂತು. "ನಿಮಗೇನು ದೊಡ್ಡಪ್ಪ, ತಿಂಗಳು ಹುಟ್ಟಿದರೆ ಪಿಂಚಣಿ ಬರ್ತದೆ" ಎಂದು ಎದ್ದು ಹೋದ.

ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಗಳಿಗೂ ಇಂಥದೇ ಕಾಗದ ಬಂದಿದೆಯೆಂದು ಕೇಳಿದ್ದೇನೆ. ಆದುದರಿಂದ ಇದು ನಮ್ಮ ಮನೆಯೊಂದರ ಜಗಳವಲ್ಲ.

ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ಮೊದಲು ಗಜನಿಯೆಂದರೇನೆಂದು ಹೇಳಿಬಿಡುತ್ತೇನೆ. ನದಿಯು ಸಮುದ್ರವನ್ನು ಸೇರುವ ಅಳಿವೆಯ ಆಸುಪಾಸಿನಲ್ಲಿ ಭರತದ ನೀರು ಏರಿ ಬರುವ ತಗ್ಗು ಭೂಮಿಗೆ ಒಡ್ಡು ಕಟ್ಟಿ, ಒಡ್ಡಿನಲ್ಲಿ ಹಲಗೆಯ ತೂಬುಗಳನ್ನಿಟ್ಟು ಮಾಡಿದ ಗದ್ದೆಯೇ ಗಜನಿ. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ, ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಅಲ್ಲಿ ಬಿತ್ತುತ್ತಿದ್ದರು. ಕಗ್ಗವು ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದೆ ನೀರಿನ ಮೇಲೆ ತಲೆಯೆತ್ತುತ್ತದೆ. ಅದಕ್ಕೆ ಗೊಬ್ಬರವಿಲ್ಲ, ಔಷಧಿಯಿಲ್ಲ. ದೀಪಾವಳಿಯ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು, ಕೂಳೆಯನ್ನು ಅಲ್ಲಿಯೇ ಬಿಡುತ್ತಿದ್ದರು. ಅನಂತರ ತೂಬಿನ ಹಲಗೆ ತೆಗೆದರೆ ಭರತದ ಉಪ್ಪುನೀರು ಒಳಗೆ ಬರುತ್ತದೆ. ಅದರೊಡನೆ ಶೆಟ್ಲಿಯ ಮರಿ, ನೊಗಲಿ, ಕಾಗಳಸಿ, ಏಡಿ ಎಲ್ಲವೂ ಬರುತ್ತವೆ. ಕೊಳೆತ ಕೂಳೆಯಿಂದ ಹುಟ್ಟಿದ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ಹುಣ್ಣಿಮೆ ಅಮಾವಾಸ್ಯೆಗಳ ಇಳಿತದಲ್ಲಿ ತೂಬಿಗೆ ಬಲೆ ಕಟ್ಟಿ, ಲಾಟೀನು ಹಿಡಿದು ಕಾಯುತ್ತಿದ್ದ ತಂದೆಯವರ ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ಕುಳಿತಿದ್ದ ನೆನಪು ನನಗಿನ್ನೂ ಇದೆ. ಮಳೆಗೆ ಮುಂಚೆ ಗಜನಿಯನ್ನು ಬರಿದು ಮಾಡುವ ದಿನ ಊರಿನ ಯಾರು ಬೇಕಾದರೂ ಇಳಿದು ಮೀನು ಹಿಡಿಯಬಹುದಿತ್ತು. ಜಮೀನಿಲ್ಲದ ಮನೆಗಳಲ್ಲಿ ಮಳೆಗಾಲದ ಒಣಮೀನು ಹೆಚ್ಚಾಗಿ ಆ ದಿನದ್ದೇ ಆಗಿರುತ್ತಿತ್ತು.

ಇದು ಸಹ ಜಲಕೃಷಿಯೇ. ಕೇರಳದ ಪೊಕ್ಕಾಳಿ, ಗೋವೆಯ ಖಾಜನ್, ಬಂಗಾಳದ ಭೇರಿ ಇವೆಲ್ಲ ಇದರ ಅಣ್ಣತಮ್ಮಂದಿರು. ಮೀನಿನ ಶಾಸ್ತ್ರವೇನೂ ನಮ್ಮವರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೀನಿನ ಜಾತಿಗಳನ್ನೂ ಅವಕ್ಕೆ ಹಾಕಬೇಕಾದ ಆಹಾರವನ್ನೂ ವಿವರಿಸಿದ್ದಾನೆ. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳನ್ನು ಕೊಳದಲ್ಲಿಯೇ ಮೊಟ್ಟೆಯಿಡಿಸಿದರು. ಅಲ್ಲಿಯವರೆಗೆ ಮೀನುಮರಿಗಾಗಿ ನದಿಗೆ ಕಾಯಬೇಕಿದ್ದ ರೈತನು ಅಂದಿನಿಂದ ಬಿಡುಗಡೆ ಪಡೆದನು. ಆ ಪ್ರಯೋಗವನ್ನು ನಾನು ತರಗತಿಯಲ್ಲಿ ಎಷ್ಟು ಉತ್ಸಾಹದಿಂದ ಹೇಳುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು. ಆದ್ದರಿಂದ "ಮಾಸ್ತರರು ವಿಜ್ಞಾನದ ವಿರೋಧಿ" ಎಂದು ಯಾರೂ ಅವಸರಪಡಬೇಡಿ. ವಿಜ್ಞಾನದ ಹೆಸರನ್ನು ಮುಂದಿಟ್ಟುಕೊಂಡು ಬರುವ ಗುತ್ತಿಗೆಯ ಕಾಗದಕ್ಕೆ ನನ್ನ ವಿರೋಧ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಈ ಗದ್ದೆಯನ್ನು ನಮ್ಮ ತಂದೆಯವರು ಗೇಣಿಗೆ ಉಳುತ್ತಿದ್ದರು. 1974ರ ಭೂಸುಧಾರಣೆಯಿಂದಾಗಿ ಅದು ನಮ್ಮದಾಯಿತು. ಭೂನ್ಯಾಯಮಂಡಳಿಯ ಕಾಗದವನ್ನು ಅವರು ಪಂಚಾಂಗದೊಳಗೆ ಮಡಿಸಿಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ, 1992ರಲ್ಲಿ, ಜೀಪಿನಲ್ಲಿ ನಾಲ್ಕು ಮಂದಿ ಬಂದರು. ಅವರು ಹೇಳಿದ ವಾರ್ಷಿಕ ಗುತ್ತಿಗೆಯ ಮೊತ್ತವು ಕಗ್ಗ ಮತ್ತು ಶೆಟ್ಲಿ ಎರಡರಿಂದಲೂ ಬರುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು. ಊರಿಗೆ ಬಿಎಡ್ ಮಾಡಿದ ವಿಜ್ಞಾನದ ಮಾಸ್ತರನೆಂದರೆ ನಾನೊಬ್ಬನೇ. ಎಲ್ಲರೂ ನನ್ನನ್ನು ಕೇಳಿದರು. ನಾನು "ಒಳ್ಳೆಯದೇ ಆಗುತ್ತದೆ" ಎಂದೆ. ಆಯಿಗೆ ಓದಲು ಬರುತ್ತಿರಲಿಲ್ಲ. "ನಾಳೆ ಕಗ್ಗದ ಬೀಜ ಎಲ್ಲಿಂದ ತರೂದು?" ಎಂದು ಅವಳು ಕೇಳಿದ್ದು ಒಂದೇ ಪ್ರಶ್ನೆ. ನಾನು ನಕ್ಕೆ. ಅವಳ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿ ಛಾಪಾಕಾಗದದ ಮೇಲಿಟ್ಟವನು ನಾನೇ.

ಮರುವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಆ ಹೊಂಡಗಳನ್ನು ತೋರಿಸಲು ಕರೆದುಕೊಂಡು ಹೋದೆ. ಹಿಂದಿರುಗಿ "ನೀಲಿ ಕ್ರಾಂತಿ" ಎಂಬ ಪ್ರಬಂಧ ಬರೆಸಿದೆ. ಒಬ್ಬ ಹುಡುಗಿ ಮಾತ್ರ, ಹೊಂಡ ಬಂದ ಮೇಲೆ ತಮ್ಮ ಮನೆಯ ಬಾವಿಯ ನೀರು ಉಪ್ಪಾಗಿದೆಯೆಂದೂ ತಾಯಿ ಈಗ ಗುಡ್ಡದ ಬುಡದಿಂದ ನೀರು ಹೊರುತ್ತಾಳೆಂದೂ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ "ವಿಷಯಾಂತರ" ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ತಾಯಿ, ನೀನು ಇದನ್ನು ಓದುತ್ತಿದ್ದರೆ, ಆ ತರಗತಿಯಲ್ಲಿ ವಿಜ್ಞಾನಿಯಂತೆ ಗಮನಿಸಿ ಬರೆದವಳು ನೀನೊಬ್ಬಳೇ ಎಂದು ಈಗ ಹೇಳುತ್ತಿದ್ದೇನೆ.

1994-95ರಲ್ಲಿ ದೇಶದ ಕರಾವಳಿಯುದ್ದಕ್ಕೂ ಸೀಗಡಿಗೆ ಬಿಳಿಚುಕ್ಕೆ ರೋಗ ಬಂತು. ಅದು ವೈರಾಣುವಿನಿಂದ ಬರುವ ರೋಗ. ಮನುಷ್ಯರಿಗೆ ಅಪಾಯವಿಲ್ಲ, ಆದರೆ ಸೀಗಡಿಗೆ ಮದ್ದಿಲ್ಲ. ಮೇವು ತಿನ್ನುವುದನ್ನು ಬಿಟ್ಟ ಸೀಗಡಿಗಳು ಹೊಂಡದ ಅಂಚಿಗೆ ಬಂದು ನಿಲ್ಲುತ್ತವೆ, ಚಿಪ್ಪಿನ ಮೇಲೆ ಬಿಳಿಯ ಚುಕ್ಕೆ ಕಾಣಿಸುತ್ತದೆ, ವಾರ ಕಳೆಯುವುದರೊಳಗೆ ಹೊಂಡವೇ ಖಾಲಿ. ನಮ್ಮ ಹೊಂಡಕ್ಕೆ ಅದು 1995ರಲ್ಲಿ ಬಂತು. ಗುತ್ತಿಗೆದಾರರು ಸತ್ತ ಸೀಗಡಿಯ ನೀರನ್ನು ರಾತ್ರಿಯ ಇಳಿತಕ್ಕೆ ನೇರವಾಗಿ ನದಿಗೆ ಬಿಟ್ಟರು. ಬೆಳಗಿನ ಭರತಕ್ಕೆ ಅದೇ ನೀರನ್ನು ಕೆಳಗಿನ ಊರಿನವರು ತಮ್ಮ ತೂಬಿನಿಂದ ಒಳಗೆ ತೆಗೆದುಕೊಂಡರು. ಆಮೇಲೆ ಜೀಪು ಬರುವುದು ನಿಂತಿತು, ಉಳಿದ ವರ್ಷಗಳ ಗುತ್ತಿಗೆಯ ಹಣವೂ ನಿಂತಿತು. ಆಳವಾಗಿ ತೋಡಿದ ಹೊಂಡದಲ್ಲಿ ಮಳೆಯ ನೀರು ಉಪ್ಪನ್ನು ತೊಳೆದು ಹರಿಯಲು ದಾರಿಯಿರಲಿಲ್ಲ. ತೂಬು ಮುರಿದು ಬಿತ್ತು. ಆಗ ಆಯಿಯ ಪ್ರಶ್ನೆ ನೆನಪಾಯಿತು. ಭತ್ತದ ಬೀಜವನ್ನು ವರ್ಷ ವರ್ಷ ಬಿತ್ತಿ ಉಳಿಸಿಕೊಳ್ಳಬೇಕು. ಮೂರು ಮಳೆಗಾಲ ಬಿತ್ತದೆ ಇದ್ದ ನಮ್ಮ ಊರಿನಲ್ಲಿ ಮೊಳೆಯುವ ಕಗ್ಗ ಒಂದು ಸೇರೂ ಉಳಿದಿರಲಿಲ್ಲ.

ಈಗ ಆ ಭೂಮಿಯನ್ನೇ "ಉಪಯೋಗವಿಲ್ಲದೆ ಬಿದ್ದಿರುವ ಬರಡು" ಎನ್ನುತ್ತಿದ್ದಾರೆ!

ಕಾನೂನಿನ ಕಥೆಯನ್ನೂ ಕೇಳಿ. ಗೇಣಿಯನ್ನು ನಿಷೇಧಿಸಿದ ನಮ್ಮ ರಾಜ್ಯವೇ 1995ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಕರಾವಳಿ ಜಿಲ್ಲೆಗಳಲ್ಲಿ ಜಲಕೃಷಿಗಾಗಿ ಮಾತ್ರ ಜಮೀನನ್ನು ಗುತ್ತಿಗೆ ಕೊಡಬಹುದೆಂದು ಬಾಗಿಲು ತೆರೆಯಿತು. ಉಳುವವನು ಒಡೆಯನಾದ ಇಪ್ಪತ್ತೇ ವರ್ಷಗಳಲ್ಲಿ ಅವನು ಮತ್ತೆ ತನ್ನ ಗದ್ದೆಯ ಒಡ್ಡಿನ ಮೇಲೆ ಕಾವಲುಗಾರನಾದ. ತಮಿಳುನಾಡಿನ ಗಾಂಧೀವಾದಿ ಎಸ್. ಜಗನ್ನಾಥನ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 11ರಂದು ತೀರ್ಪಿತ್ತು, ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಹೊಂಡಗಳನ್ನು 1997ರ ಮಾರ್ಚ್ 31ರೊಳಗೆ ತೆಗೆದುಹಾಕಬೇಕೆಂದಿತು, ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕೆಂದಿತು. ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಂದರೆ ನಮ್ಮ ತಂದೆಯವರು ಲಾಟೀನು ಹಿಡಿದು ಕಾಯುತ್ತಿದ್ದ ಶೆಟ್ಲಿಯನ್ನು ನ್ಯಾಯಾಲಯವು ಮುಟ್ಟಲಿಲ್ಲ. ಆದರೆ ತೀರ್ಪು ಪೂರ್ಣವಾಗಿ ಜಾರಿಯಾಗುವ ಮೊದಲೇ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ಬಂದು, ನಿಯಂತ್ರಣ ವಲಯದ ನಿಷೇಧದಿಂದ ಈ ಉದ್ಯಮವನ್ನು ಹೊರಗಿಟ್ಟಿತು. ಆ ಕಾಯಿದೆಯಲ್ಲಿ ನೋಂದಣಿಯಿಲ್ಲದೆ ಸಾಕಣೆ ಮಾಡಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಾದರೂ ಇತ್ತು. 2023ರ ತಿದ್ದುಪಡಿಯು ಅದನ್ನೂ ತೆಗೆದು ದಂಡ ಮಾತ್ರ ಉಳಿಸಿತು. ದಂಡವನ್ನು ಖರ್ಚಿನ ಲೆಕ್ಕದಲ್ಲಿ ಬರೆದುಕೊಳ್ಳಬಲ್ಲ ಶ್ರೀಮಂತನಿಗೆ ಅದೆಂಥ ಭಯ?

ಇನ್ನು ಗುತ್ತಿಗೆಯ ಪರವಾಗಿ ಹೇಳಲಾಗುವ ಮಾತುಗಳನ್ನು ಒಂದೊಂದಾಗಿ ನೋಡೋಣ.

"ಭೂಮಿ ಹೇಗೂ ಖಾಲಿ ಬಿದ್ದಿದೆ" ಎಂಬುದು ಮೊದಲನೆಯದು. ಗಜನಿಯು ಬೇಲಿ ಹಾಕಬಹುದಾದ ತೋಟವಲ್ಲ. ಒಂದು ಒಡ್ಡು, ಕೆಲವೇ ತೂಬು, ಒಳಗಿರುವುದೆಲ್ಲ ಒಂದೇ ನೀರು. ಒಬ್ಬನು ಮಳೆಗಾಲದಲ್ಲಿಯೂ ಉಪ್ಪುನೀರನ್ನು ನಿಲ್ಲಿಸಿಕೊಂಡರೆ ಪಕ್ಕದವನ ಭತ್ತ ಸಾಯುತ್ತದೆ. ಮೊದಲು ನಾಲ್ಕು ಜನ ಗುತ್ತಿಗೆ ಕೊಟ್ಟರು, ಉಳಿದವರು ಬಿತ್ತಲಾರದೆ ಬಿಟ್ಟರು, ಈಗ ಎಲ್ಲರದ್ದೂ ಖಾಲಿಯಾಗಿದೆ. ಹೀಗೆ ಖಾಲಿಯಾದುದನ್ನೇ ಮುಂದಿನ ಗುತ್ತಿಗೆಗೆ ಕಾರಣವೆಂದು ತೋರಿಸುವುದು ಯಾವ ನ್ಯಾಯ?

"ಜಗತ್ತಿಗೆ ಮೀನು ಬೇಕು, ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತಿದೆ" ಎಂಬುದು ಎರಡನೆಯದು. ಒಪ್ಪುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಲೆಕ್ಕದಂತೆ 2022ರಲ್ಲಿ ಸಾಕಿದ ಜಲಚರಗಳ ಉತ್ಪಾದನೆಯು 9.44 ಕೋಟಿ ಟನ್ ತಲುಪಿ, ಹಿಡಿದುದನ್ನು ಮೊದಲ ಬಾರಿಗೆ ಮೀರಿತು. ಆದರೆ ನಮ್ಮ ದೇಶದ ಮೀನು ಸಾಕಣೆಯ ಬಹುಪಾಲು ಕಾಟ್ಲಾ, ರೋಹುಗಳಂಥ ಸಿಹಿನೀರಿನ ಗೆಂಡೆಗಳದ್ದು. ಅವು ನಮ್ಮ ಸಂತೆಗೇ ಬರುತ್ತವೆ. ಈ ಸೀಗಡಿಯಾದರೋ ಹಿಮಗಟ್ಟಿಸಿದ ಪೆಟ್ಟಿಗೆಯಲ್ಲಿ ಹೊರದೇಶಕ್ಕೆ ಹೋಗುತ್ತದೆ. ಅದರ ಮೇವಿಗೆ ಬೇಕಾದ ಮೀನುಪುಡಿಗಾಗಿ ನಮ್ಮ ಕರಾವಳಿಯ ಬಡವರ ಊಟವಾದ ತಾರ್ಲೆ, ಬೂತಾಯಿಗಳು ಲಾರಿಗಟ್ಟಲೆ ಕಾರ್ಖಾನೆಗೆ ಹೋಗುತ್ತವೆ. ಬಡವನ ತಟ್ಟೆಯ ಮೀನನ್ನು ಪುಡಿಮಾಡಿ ಬೆಳೆಸಿದ ಸೀಗಡಿಯನ್ನು ಜಗತ್ತಿನ ಹಸಿವಿನ ಹೆಸರಿನಲ್ಲಿ ಮಾರಬಾರದು. 2025ರ ಆಗಸ್ಟ್‌ನಲ್ಲಿ ಅಮೆರಿಕವು ನಮ್ಮ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ಆಂಧ್ರದ ಸೀಗಡಿ ರೈತರು ಎಷ್ಟು ಕಂಗೆಟ್ಟರೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ನಮ್ಮ ಕಗ್ಗದ ಗಂಜಿಯ ಬೆಲೆಯನ್ನು ವಾಷಿಂಗ್ಟನ್ನಿನಲ್ಲಿ ಕುಳಿತವರು ಎಂದೂ ನಿರ್ಧರಿಸಿರಲಿಲ್ಲ.

"ಈಗ ತಂತ್ರಜ್ಞಾನ ಬದಲಾಗಿದೆ, ವೆನ್ನಾಮಿ ಬಂದಿದೆ, ಅದಕ್ಕೆ ರೋಗ ಬರುವುದಿಲ್ಲ" ಎಂಬುದು ಮೂರನೆಯದು. ಇಲ್ಲಿ ಮಾಸ್ತರನ ಕೆಲಸ ಸ್ವಲ್ಪ ಮಾಡುತ್ತೇನೆ. ಪೆಸಿಫಿಕ್ ಸಾಗರದ ಅಮೆರಿಕದ ತೀರದ ಈ ಸೀಗಡಿಯನ್ನು 2009ರಿಂದ ನಮ್ಮಲ್ಲಿ ವ್ಯಾಪಕವಾಗಿ ಸಾಕಲು ಅನುಮತಿ ದೊರೆಯಿತು. ಅದರ ತಾಯಿಸೀಗಡಿಗಳು "ನಿರ್ದಿಷ್ಟ ರೋಗಾಣುಗಳಿಂದ ಮುಕ್ತ" ಎಂಬುದು ನಿಜ. ರೋಗಾಣುವಿನಿಂದ ಮುಕ್ತವಾಗಿರುವುದು ಬೇರೆ, ರೋಗವನ್ನು ನಿರೋಧಿಸುವ ಶಕ್ತಿ ಬೇರೆ. ಸ್ನಾನ ಮಾಡಿ ಶುಭ್ರವಾಗಿ ಬಂದ ಮಗು ಕೆಸರಿನಲ್ಲಿ ಬಿದ್ದರೆ ಕೊಳೆಯಾಗುವುದಿಲ್ಲವೇ? ಬಿಳಿಚುಕ್ಕೆಯ ವೈರಾಣು ನಮ್ಮ ನೀರಿನಲ್ಲಿ, ನಮ್ಮ ಏಡಿಗಳ ಮೈಯಲ್ಲಿ ಇಂದಿಗೂ ಇದೆ. ಇಎಚ್‌ಪಿ ಎಂಬ ಇನ್ನೊಂದು ಪರೋಪಜೀವಿಯೂ ಸೇರಿಕೊಂಡಿದೆ. ಅದು ಸೀಗಡಿಯನ್ನು ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಮೇವು ತಿಂದು ಮುಗಿಯುತ್ತದೆ, ತೂಕ ಬರುವುದಿಲ್ಲ. ನಿಯಮದಂತೆಯೇ ಚದರ ಮೀಟರಿಗೆ 60 ಮರಿ ಬಿಟ್ಟರೆ ಒಂದು ಹೆಕ್ಟೇರಿಗೆ ಆರು ಲಕ್ಷ ಮರಿ. ಅವುಗಳಿಗೆ ಉಸಿರಾಡಲು ಹಗಲಿರುಳು ಗಾಳಿಚಕ್ರ ತಿರುಗಬೇಕು. ಒಂದು ಕಿಲೋ ಸೀಗಡಿಗೆ ಒಂದೂಕಾಲು, ಒಂದೂವರೆ ಕಿಲೋ ಮೇವು ಬೇಕು, ಮತ್ತು ಮೇವಿನ ಸಾರಜನಕದ ಬಹುಪಾಲು ಸೀಗಡಿಯ ಮೈಗೆ ಸೇರದೆ ನೀರಿನಲ್ಲಿಯೂ ಕೆಸರಿನಲ್ಲಿಯೂ ಉಳಿಯುತ್ತದೆ. ಆ ನೀರನ್ನು ತಂಗಿಸಿ ಶುದ್ಧಗೊಳಿಸಿಯೇ ಹೊರಬಿಡಬೇಕೆಂಬ ನಿಯಮವಿದೆ. ನನ್ನ ಮುಂದಿಟ್ಟ ಕರಡಿನಲ್ಲಿ ಅದಕ್ಕೆ ಒಂದು ಗುಂಟೆ ಜಾಗವನ್ನೂ ಮೀಸಲಿಟ್ಟಿರಲಿಲ್ಲ.

ಹಾಗಾದರೆ ಆ ನೀರು ಎಲ್ಲಿಗೆ ಹೋಗಬೇಕು? ನದಿಗೆ. ಅಣೆಕಟ್ಟಿಲ್ಲದೆ ಇಂದಿಗೂ ಸ್ವತಂತ್ರವಾಗಿ ಹರಿಯುವ ಈ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಇಳಿತದ ಹೊತ್ತಿನಲ್ಲಿ ಅಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು, ಚಿಪ್ಪಿಕಲ್ಲು ಹೆಕ್ಕುವ ನೂರಾರು ಹೆಂಗಸರಿಗೆ ಯಾವ ಗುತ್ತಿಗೆಯ ಪತ್ರವೂ ಇಲ್ಲ. ಚಿಪ್ಪುಜೀವಿಯು ನೀರನ್ನು ಸೋಸಿ ಆಹಾರ ಪಡೆಯುತ್ತದೆ, ನೀರಿನಲ್ಲಿ ಏನಿದೆಯೋ ಅದೇ ಅದರ ಮೈಯಲ್ಲಿ. ಹೊಂಡದವನ ನಷ್ಟ ಒಂದು ಬೆಳೆಗೆ ಮುಗಿಯಬಹುದು. ನದಿ ಕೆಟ್ಟರೆ ಆ ಹೆಂಗಸರಿಗೆ ಬೇರೆ ನದಿಯಿಲ್ಲ.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಿರೆಂದು ಹೇಳುವುದಿಲ್ಲ. ಕಾಸರಗೋಡು ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಹಗ್ಗಕ್ಕೆ ಚಿಪ್ಪಿಕಲ್ಲಿನ ಮರಿ ಕಟ್ಟಿ ಬೆಳೆದವು. ಅದಕ್ಕೆ ಮೇವು ಹಾಕಬೇಕಿಲ್ಲ. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪಂಜರದ ಮೀನು ಸಾಕಣೆಯನ್ನು ಬೆಳೆಸಿ ತೋರಿಸಿದ್ದಾರೆ. ಕೇರಳದವರು ಪೊಕ್ಕಾಳಿ ಗದ್ದೆಯಲ್ಲಿ "ಒಂದು ಭತ್ತ, ಒಂದು ಮೀನು" ಎಂಬ ನೀತಿಯನ್ನಿಟ್ಟುಕೊಂಡು, 2008ರಲ್ಲಿ ಗದ್ದೆ ಮತ್ತು ಜೌಗುಭೂಮಿಗಳ ರಕ್ಷಣೆಗೆ ಕಾಯಿದೆಯನ್ನೇ ಮಾಡಿದರು. ನಮ್ಮದೇ ಕುಮಟಾ ತಾಲೂಕಿನ ಮಾಣಿಕಟ್ಟಾದ ರೈತರು ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ?

ಗುತ್ತಿಗೆ ಕೊಡಲೇಬೇಕೆಂಬ ಸ್ಥಿತಿಯಲ್ಲಿರುವವರು ಕನಿಷ್ಠ ನಾಲ್ಕು ಷರತ್ತುಗಳನ್ನು ಬರೆಸಿಕೊಳ್ಳಿ. ಮಳೆಗಾಲದಲ್ಲಿ ತೂಬು ಮುಚ್ಚಿ ಭತ್ತಕ್ಕೆ ಬಿಡಬೇಕು. ಗದ್ದೆಯನ್ನು ಈಗಿರುವ ಮಟ್ಟಕ್ಕಿಂತ ಆಳ ತೋಡಬಾರದು. ರೋಗ ಬಂದ ನೀರನ್ನು ಶುದ್ಧಗೊಳಿಸದೆ ನದಿಗೆ ಬಿಡಬಾರದು. ಒಡ್ಡು, ತೂಬುಗಳನ್ನು ಮೊದಲಿನಂತೆ ಮಾಡಿಕೊಡುವ ಖರ್ಚನ್ನು ಮುಂಗಡವಾಗಿ ಬ್ಯಾಂಕಿನಲ್ಲಿಡಬೇಕು. ಇವುಗಳನ್ನು ಓದಿ ಹೇಳಿದೊಡನೆ ಎಷ್ಟು ಜೀಪುಗಳು ಉಳಿಯುತ್ತವೆಂದು ನೋಡಿ.

ಕೊನೆಗೆ ಪಿಂಚಣಿಯ ಮಾತು. ತಮ್ಮಾ, ನೀನು ಹೇಳಿದ್ದು ಸುಳ್ಳಲ್ಲ. ನನಗೆ ತಿಂಗಳು ತಿಂಗಳು ಹಣ ಬರುತ್ತದೆ, ನಿನಗೆ ಬರುವುದಿಲ್ಲ. 1992ರಲ್ಲಿಯೂ ನನಗೆ ಸಂಬಳ ಬರುತ್ತಿತ್ತು. ಅದರಿಂದಲೇ ನನ್ನ ಸಲಹೆ ತಪ್ಪಾದಾಗ ನಾನು ಉಪವಾಸ ಬೀಳಲಿಲ್ಲ, ನಿನ್ನ ಅಪ್ಪ ದೋಣಿಯ ಕೂಲಿಗೆ ಹೋದ. ಬಿಟ್ಟಿ ಉಪದೇಶಕ್ಕೆ ನನಗೆ ಅಧಿಕಾರವಿಲ್ಲ. ಆದ್ದರಿಂದ ಹೀಗೆ ಮಾಡೋಣ. ನಮ್ಮ ಪಾಲಿನ ಒಡ್ಡು ಮತ್ತು ತೂಬಿನ ದುರಸ್ತಿಯ ಖರ್ಚು ನನ್ನದು. ಮೊದಲ ಎರಡು ವರ್ಷ ಗುತ್ತಿಗೆಯ ಮೊತ್ತಕ್ಕಿಂತ ನಿನಗೆ ಎಷ್ಟು ಕಡಿಮೆ ಬರುತ್ತದೆಯೋ ಅಷ್ಟನ್ನು ನನ್ನ ಪಿಂಚಣಿಯಿಂದ ತುಂಬುತ್ತೇನೆ. ಆಮೇಲೂ ಆಗದಿದ್ದರೆ ಕಾಗದ ತಾ, ಕೂತು ಮಾತಾಡೋಣ. ನಿನ್ನ ಕರಡನ್ನು ಹಿಂದಿರುಗಿಸಿದ್ದೇನೆ, "ಬರಡು" ಎಂಬ ಶಬ್ದದ ಅಡಿಯಲ್ಲಿ ಕೆಂಪು ಗೆರೆ ಎಳೆದಿದ್ದೇನೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ತವರಿನಲ್ಲೋ ಅತ್ತೆಮನೆಯಲ್ಲೋ ಹೋದ ವರ್ಷ ಬೆಳೆದ ಕಗ್ಗದ ಬೀಜ ಎರಡು ಸೇರು ಇದ್ದರೂ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ. ಮುಂಗಾರಿಗೆ ಮುಂಚೆ ಬೇಕು.

ಇತಿ ನಿಮ್ಮ
ಹಳೆಯ ವಿಜ್ಞಾನದ ಮಾಸ್ತರ